ಕನಕದಾಸರಿಗೆ ದೊರೆತ ಸಂಗ

ಹಂಪೆಯ ವಿಠ್ಠಲ ದೇವಾಲಯದ ಬಳಿ, ತುಂಗಭದ್ರೆಯ ದಡದ ಪುರಂದರ ಮಂಟಪದಲ್ಲಿ ಕುಳಿತಾಗಲೆಲ್ಲ ನನಗೆ ಕನಕದಾಸರ ನೆನಪಾಗುತ್ತದೆ.

16ನೆಯ ಶತಮಾನದ ಈ ಕವಿ ಹುಟ್ಟಿದ್ದು ಇಂದಿನ ಹಾವೇರಿ ಜಿಲ್ಲೆಯ ಬಾಡದಲ್ಲಿ, ಕುರುಬರ ಮನೆತನದಲ್ಲಿ. ತಿಮ್ಮಪ್ಪನಾಯಕನೆಂಬ ಹೆಸರಿನಿಂದ ಅಧಿಕಾರ ನಡೆಸಿ, ಯುದ್ಧದಲ್ಲಿ ಗಾಯಗೊಂಡು ಬದುಕುಳಿದು, ಕತ್ತಿಯನ್ನಿಳಿಸಿ ದಾಸರಾದರೆಂದು ಪ್ರತೀತಿ. ವಿಜಯನಗರದಲ್ಲಿ ವ್ಯಾಸರಾಯರು ಅವರನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು. ಕುಲದ ಹಮ್ಮಿನ ಸಹಪಾಠಿಗಳ ನಡುವೆ ಕನಕರು ಒಂಟಿಯಾದರು. ಯಾರೂ ಕಾಣದೆಡೆಯಲ್ಲಿ ಬಾಳೆಯ ಹಣ್ಣನ್ನು ತಿಂದು ಬರಲು ಗುರುಗಳು ಹೇಳಿದಾಗ, ದೇವರಿಲ್ಲದ ಎಡೆ ದೊರೆಯದೆ ಹಣ್ಣನ್ನು ಹಿಂದಕ್ಕೆ ತಂದರೆಂಬ ಕಥೆಯನ್ನು ಎಲ್ಲರೂ ಬಲ್ಲರು. ದೇವರ ಸಂಗ ಅವರಿಗೆಂದೂ ತಪ್ಪಿರಲಿಲ್ಲ. ಮನುಷ್ಯರ ಸಂಗಕ್ಕೆ ಕೊರತೆಯಿತ್ತು.

ಆ ಕೊರತೆಯನ್ನು ತುಂಬಿದವರು ಗುರುಗಳೂ ಪುರಂದರದಾಸರೂ. ಕನಕರ ಮೇಲೆ ಗುರುಗಳು ತೋರಿದ ದಯೆಯನ್ನು ಮಠದವರು ದೂರಿದ ಸಂಗತಿಯನ್ನು ಪುರಂದರರ ಅಂಕಿತದ ಕೀರ್ತನೆಯೊಂದು ಮರೆಮಾಚದೆ ಹೇಳುತ್ತದೆ. ಕನಕರಾದರೋ ತಮ್ಮ ರಾಮಧಾನ್ಯ ಚರಿತೆಯಲ್ಲಿ ಭತ್ತ ರಾಗಿಗಳ ವಾದವನ್ನು ಹೂಡಿ, ಬಡವರ ರಾಗಿಗೆ ಶ್ರೀರಾಮನಿಂದಲೇ ಮನ್ನಣೆ ಕೊಡಿಸಿದರು. ದೂರಿದವರ ಹೆಸರುಗಳು ಇಂದು ಯಾರಿಗೂ ನೆನಪಿಲ್ಲ.

ಈ ಕಾವ್ಯವನ್ನು ಪಾಠ ಹೇಳುವ ದಿನ, ತರಗತಿಯಲ್ಲಿ ಯಾರಾದರೂ ಒಂಟಿಯಾಗಿ ಕುಳಿತಿರುವರೇ ಎಂದು ನೋಡುವುದು ನನಗೆ ರೂಢಿಯಾಗಿದೆ.