ಶ್ರೀ ವಾಣಿವಿಲಾಸ ಸನ್ನಿಧಾನದವರು

ಅಗ್ರಹಾರದ ವಾಣಿವಿಲಾಸ ಮಾರುಕಟ್ಟೆಯಲ್ಲಿ ಹೂ ಮಾರಿ ನನ್ನ ತಾಯಿ ನನ್ನನ್ನು ಓದಿಸಿದಳು. ಅಕ್ಷರ ಬಾರದ ಆಕೆ ಒಂದು ಸಂಜೆ, ಇಷ್ಟು ವರ್ಷ ತನಗೆ ಅನ್ನವಿತ್ತ ಈ ಮಾರುಕಟ್ಟೆಗೆ ಯಾರ ಹೆಸರಿಟ್ಟಿದ್ದಾರೆಂದು ಕೇಳಿದಳು. ಬಿ.ಎ. ತರಗತಿಯಲ್ಲಿ ಚರಿತ್ರೆ ಓದುವ ನನಗೆ, ಅವರೊಬ್ಬ ಮಹಾರಾಣಿ ಎಂಬುದಕ್ಕಿಂತ ಹೆಚ್ಚಿಗೆ ಹೇಳಲು ತಿಳಿಯಲಿಲ್ಲ. ಆ ನಾಚಿಕೆಯೇ ಈ ಲೇಖನಕ್ಕೆ ಪ್ರೇರಣೆ.

ಕೆಂಪನಂಜಮ್ಮಣ್ಣಿಯವರು 1866ರಲ್ಲಿ ಕಳಲೆಯ ಅರಸು ಮನೆತನದಲ್ಲಿ ಜನಿಸಿದರು. 1878ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕೈಹಿಡಿದು ಅರಮನೆ ಸೇರಿದರು. 1894ರ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ತುತ್ತಾದರು. ಹಿರಿಯ ಮಗ ಕೃಷ್ಣರಾಜರಿಗೆ ಆಗ ಹತ್ತೇ ವರ್ಷ. ಇಪ್ಪತ್ತೆಂಟರ ವಯಸ್ಸಿನಲ್ಲಿ ವೈಧವ್ಯದ ದುಃಖದೊಡನೆ ರಾಜ್ಯಭಾರವೂ ಆ ತಾಯಿಯ ಹೆಗಲೇರಿತು. 1895ರಿಂದ 1902ರವರೆಗೆ ಅವರು ರೀಜೆಂಟರಾಗಿ ಮೈಸೂರನ್ನಾಳಿದರು.

ಅವು ಸುಖದ ವರ್ಷಗಳಾಗಿರಲಿಲ್ಲ. 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಪ್ಲೇಗು ಬಂದು ಮನೆಮನೆಯಲ್ಲೂ ಗೋಳೆಬ್ಬಿಸಿತು. ಆದರೂ ಕಾರ್ಯಗಳು ನಿಲ್ಲಲಿಲ್ಲ. ಇಂದು ನಾವು ಕಾಣುವ ಅರಮನೆಯ ಕಟ್ಟಡ ಮೊದಲಾಯಿತು. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಆರಂಭವಾಯಿತು. ಅದೇ ವಾಣಿವಿಲಾಸ ಸಾಗರ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ಕಾಲೇಜಿನ ಮಟ್ಟಕ್ಕೇರಿದ್ದೂ ಆ ಕಾಲದಲ್ಲಿಯೇ.

ಇದೆಲ್ಲ ದಿವಾನ್ ಶೇಷಾದ್ರಿ ಅಯ್ಯರವರ ಸಾಧನೆ, ರಾಣಿಯವರದು ಬರಿಯ ರುಜು ಎನ್ನುವವರುಂಟು. ದಿವಾನರ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದರೆಂದು ನಾಲ್ವಡಿಯವರದು ಬರಿಯ ರುಜುವೆಂದು ನಾವು ಹೇಳುತ್ತೇವೆಯೆ? ಗಂಡಸಿನ ಆಳ್ವಿಕೆಗೆ ಒಂದು ತಕ್ಕಡಿ, ಹೆಂಗಸಿನ ಆಳ್ವಿಕೆಗೆ ಇನ್ನೊಂದು ತಕ್ಕಡಿಯಾದರೆ ತೂಕ ಸರಿಬಂದೀತೆ?

ಓದುತ್ತ ಹೋದಂತೆ ನನ್ನನ್ನು ಬೆರಗುಗೊಳಿಸಿದ ಸಂಗತಿ ಬೇರೊಂದು. ರಾಜ್ಯದ ಅತ್ಯುನ್ನತ ಸ್ಥಾನದಲ್ಲಿ ಸ್ತ್ರೀಯೊಬ್ಬರಿದ್ದ ಆ ಏಳು ವರ್ಷಗಳಲ್ಲಿ, ಅವರಿಗೆ ನೆರವಾದ ಮಂತ್ರಾಲೋಚನಾ ಸಭೆಯಲ್ಲಿ ಇದ್ದವರೆಲ್ಲ ಪುರುಷರು. 1881ರಲ್ಲಿ ಸ್ಥಾಪಿತವಾಗಿದ್ದ ಪ್ರಜಾಪ್ರತಿನಿಧಿ ಸಭೆಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಮೈಸೂರಿನ ಸ್ತ್ರೀಯರಿಗೆ ಮತದಾನದ ಹಕ್ಕು ದೊರೆತದ್ದು 1923ರಲ್ಲಿ. ರಾಣಿಯವರು ಆಳಿದ್ದು ಪತಿಯ ಮರಣದಿಂದ. ಅಧಿಕಾರ ಬಿಟ್ಟದ್ದು 1902ರ ಆಗಸ್ಟಿನಲ್ಲಿ ಮಗ ಪ್ರಾಪ್ತವಯಸ್ಕನಾದುದರಿಂದ. ಅವರ ಯೋಗ್ಯತೆ ಮೊದಲೂ ಇತ್ತು, ಆಮೇಲೂ ಇತ್ತು. ಹಕ್ಕು ಮಾತ್ರ ಇರಲಿಲ್ಲ. 1934ರಲ್ಲಿ ಅವರು ಕೀರ್ತಿಶೇಷರಾದರು.

ಇಂದು ನನ್ನ ತಾಯಿಗೆ ಓಟುಂಟು. ಆದರೆ 2024ರಲ್ಲಿ ಲೋಕಸಭೆಗೆ ಆಯ್ಕೆಯಾದ 543 ಮಂದಿಯಲ್ಲಿ ಸ್ತ್ರೀಯರು 74. ಕರ್ನಾಟಕದ 28 ಸ್ಥಾನಗಳಲ್ಲಿ 3. ಮೂರನೆಯ ಒಂದು ಭಾಗವನ್ನು ಸ್ತ್ರೀಯರಿಗೆ ಮೀಸಲಿಡುವ ತಿದ್ದುಪಡಿಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತಾದರೂ, ಜನಗಣತಿ ಮತ್ತು ಕ್ಷೇತ್ರ ವಿಂಗಡಣೆ ಮುಗಿದ ಮೇಲೆಯೇ ಅದು ಜಾರಿಗೆ ಬರತಕ್ಕದ್ದೆಂದು ಅದರಲ್ಲಿಯೇ ವಿಧಿಸಿತು.

ಕರುಣಾಳುವಾದ ರಾಣಿ ಕೇಳದೆಯೇ ಕೊಡಬಹುದು. ಪ್ರತಿನಿಧಿಯನ್ನಾದರೋ ನಾವು ಕೇಳಬಹುದು, ಐದು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಿಕೊಳ್ಳಬಹುದು. ನೀರಿನ ಕೊಡದ ಭಾರ, ಹೆರಿಗೆ ಆಸ್ಪತ್ರೆಯ ದೂರ ಇವನ್ನು ಸ್ವತಃ ಬಲ್ಲವರು ದೆಹಲಿಯ ಸಭೆಯಲ್ಲಿ ಕುಳಿತಿರಬೇಡವೆ? ಅಲ್ಲಿಗೆ ಹೋಗಲು ಹೆಂಗಸು ರಾಣಿಯಾಗಿ ಹುಟ್ಟಬೇಕಿಲ್ಲ, ಮನೆಯ ಯಜಮಾನನನ್ನು ಕಳೆದುಕೊಳ್ಳಬೇಕೂ ಇಲ್ಲ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಹೂ ಕಟ್ಟುತ್ತಲೇ ಕೇಳಿದ ಆಕೆ, ಹಾಗಾದರೆ ಹೂ ಮಾರುವವಳೂ ಅಲ್ಲಿ ಕೂರಬಹುದೋ ಎಂದಳು. ಕೂರಬಹುದು ಎಂದೆ. ಈ ಸಲ ಉತ್ತರ ಹೇಳಲು ನನಗೆ ನಾಚಿಕೆಯಾಗಲಿಲ್ಲ.