ಯಂತ್ರಕ್ಕೆ ಮಾತು ತಿಳಿಸಹೊರಟ ಗ್ರೇಸ್ ಹಾಪರ್

ಚಿತ್ರೀಕರಿಸಿದ ದೃಶ್ಯಗಳಲ್ಲಿ ಮಾತಿಲ್ಲದ ಭಾಗಗಳನ್ನು ಕತ್ತರಿಸಬೇಕೆಂದು ಸಾಮಾನ್ಯ ಭಾಷೆಯಲ್ಲಿ ಬರೆದರೆ ಸಾಕು, ವಿಡಿಯೊ ಸಂಕಲನದ ತಂತ್ರಾಂಶ ಆ ಕೆಲಸಕ್ಕೆ ತೊಡಗುವ ಕಾಲವಿದು. ಕೃತಕ ಬುದ್ಧಿಮತ್ತೆಯ ಸಹಾಯಕ ನಡುವೆ ನಿಂತು ನಮ್ಮ ವಾಕ್ಯವನ್ನು ತಂತ್ರಾಂಶದ ಆದೇಶಗಳಾಗಿ ಬದಲಿಸುತ್ತದೆ. ದಾವಿಂಚಿ ರಿಸಾಲ್ವ್‌ನಂತಹ ತಂತ್ರಾಂಶಗಳು ಪೈಥಾನ್ ಭಾಷೆಯ ಆದೇಶಗಳನ್ನು ಸ್ವೀಕರಿಸುವುದರಿಂದ ಇದು ಸಾಧ್ಯವಾಗಿದೆ. ಮನುಷ್ಯನ ಮಾತಿಗೂ ಯಂತ್ರಕ್ಕೂ ನಡುವೆ ಹೀಗೊಂದು ದುಭಾಷಿಯನ್ನು ನಿಲ್ಲಿಸಬಹುದೆಂದು 1950ರ ದಶಕದಲ್ಲೇ ಹಟ ಹಿಡಿದವರು ಅಮೆರಿಕದ ಗಣಿತಜ್ಞೆ ಗ್ರೇಸ್ ಹಾಪರ್.

1906ರ ಡಿಸೆಂಬರ್ 9ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದ ಗ್ರೇಸ್ 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ವಸ್ಸಾರ್ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದ ಅವರು ಎರಡನೇ ಮಹಾಯುದ್ಧದ ವೇಳೆ ನೌಕಾಪಡೆ ಸೇರಬಯಸಿದಾಗ ದೇಹತೂಕ ಸಾಲದೆಂಬ ಅಡ್ಡಿ ಎದುರಾಯಿತು. ವಿನಾಯಿತಿ ಪಡೆದೇ ಸೇರಿದರು. 1944ರಲ್ಲಿ ಅವರನ್ನು ಹಾರ್ವರ್ಡ್‌ನ ಮಾರ್ಕ್-1 ಗಣಕಯಂತ್ರದ ಕೆಲಸಕ್ಕೆ ನಿಯೋಜಿಸಲಾಯಿತು.

ಅಂದಿನ ಗಣಕಗಳಿಗೆ ಸಂಕೇತ, ಸಂಖ್ಯೆಗಳಲ್ಲೇ ಆದೇಶ ನೀಡಬೇಕಿತ್ತು. ಅದನ್ನು ಬಲ್ಲವರು ಬೆರಳೆಣಿಕೆಯಷ್ಟು ಮಂದಿ. 1949ರಲ್ಲಿ ಎಕರ್ಟ್-ಮಾಕ್ಲಿ ಸಂಸ್ಥೆ ಸೇರಿದ ಹಾಪರ್, 1952ರಲ್ಲಿ ಎ-0 ಎಂಬ ಕಂಪೈಲರ್ ರೂಪಿಸಿದರು. ಮುಂದಿನ ಹೆಜ್ಜೆಯೇ ವಿವಾದಕ್ಕೆ ಕಾರಣವಾದದ್ದು. ಲೆಕ್ಕಪತ್ರ ಬಲ್ಲ ಸಾಮಾನ್ಯ ನೌಕರನೂ ಇಂಗ್ಲಿಷ್ ಪದಗಳಲ್ಲಿ ಗಣಕಕ್ಕೆ ಕೆಲಸ ಹೇಳುವಂತಾಗಬೇಕು ಎಂಬ ಅವರ ಪ್ರಸ್ತಾವವನ್ನು ಮೇಲಧಿಕಾರಿಗಳು ಒಪ್ಪಲಿಲ್ಲ. ಗಣಕಕ್ಕೆ ಇಂಗ್ಲಿಷ್ ಅರ್ಥವಾಗದೆಂಬುದು ಅವರ ವಾದ.

ಹಾಪರ್ ದೃಷ್ಟಿಯಲ್ಲಿ ಅಕ್ಷರಗಳೂ ಸಂಕೇತಗಳೇ. ಯಂತ್ರಕ್ಕೆ ಅರ್ಥ ತಿಳಿಯಬೇಕಿಲ್ಲ, ಪದವನ್ನು ಗುರುತಿಸಿದರೆ ಸಾಕು. ಇದನ್ನು ಸಾಬೀತುಪಡಿಸಲು ಫ್ರೆಂಚ್, ಜರ್ಮನ್ ಪದಗಳಲ್ಲೂ ಆದೇಶ ಕೊಟ್ಟು ತೋರಿಸಿದಾಗ ಅಧಿಕಾರಿಗಳು ಮತ್ತಷ್ಟು ಗಾಬರಿಯಾದರಂತೆ. ಅಮೆರಿಕದ ಯಂತ್ರ ಪರಭಾಷೆಗೆ ಮಣಿಯುವುದೇ? ಈ ಪ್ರಸಂಗವನ್ನು ಅವರೇ ಮುಂದೆ ನಗುತ್ತ ಹೇಳುತ್ತಿದ್ದರು. ಆ ಹಟದ ಫಲವೇ ಫ್ಲೋ-ಮ್ಯಾಟಿಕ್ ಭಾಷೆ. 1959ರಲ್ಲಿ ಆರಂಭವಾದ ಕೋಬಾಲ್‌ಗೆ ಅದೇ ಮುಖ್ಯ ಆಧಾರವಾಯಿತು. ಕೋಬಾಲ್ ಒಂದು ಸಮಿತಿಯ ಕೃತಿ. ಅದರ ಸಂಪೂರ್ಣ ಶ್ರೇಯಸ್ಸನ್ನು ಹಾಪರ್ ಅವರಿಗೇ ಕೊಡುವುದು ಸರಿಯಲ್ಲ.

ಫ್ಲೋ-ಮ್ಯಾಟಿಕ್ ನಿಗದಿತ ಪದಗಳನ್ನಷ್ಟೇ ಒಪ್ಪುತ್ತಿತ್ತು. ಒಂದು ಪದ ತಪ್ಪಿದರೂ ಕೆಲಸ ನಿಲ್ಲುತ್ತಿತ್ತು. ಇಂದಿನ ಸಹಾಯಕ ಹೇಗೆ ಹೇಳಿದರೂ ಊಹಿಸಿಕೊಳ್ಳುತ್ತದೆ. ಊಹೆ ತಪ್ಪಿದರೆ ಉಳಿಯಬೇಕಾದ ದೃಶ್ಯವೇ ಕತ್ತರಿಗೆ ಸಿಕ್ಕೀತು. ಆ ನಿಷ್ಠುರತೆಯಲ್ಲೂ ಒಂದು ರಕ್ಷಣೆಯಿತ್ತೆಂಬುದು ಸಂಕಲನಕಾರರಿಗೆ ಈಗ ಅರಿವಾದರೆ ಆಶ್ಚರ್ಯವಿಲ್ಲ.

1966ರಲ್ಲಿ ನಿವೃತ್ತರಾದ ಹಾಪರ್ ಅವರನ್ನು ಮರುವರ್ಷವೇ ನೌಕಾಪಡೆ ಮರಳಿ ಕರೆಸಿಕೊಂಡಿತು. ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚಿ, ನ್ಯಾನೊಸೆಕೆಂಡಿನಲ್ಲಿ ವಿದ್ಯುತ್ ಸಂಕೇತ ಕ್ರಮಿಸಬಲ್ಲ ಗರಿಷ್ಠ ದೂರವನ್ನು ತೋರಿಸುವುದು ಅವರ ಉಪನ್ಯಾಸಗಳ ಆಕರ್ಷಣೆಯಾಗಿತ್ತು. 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ಸೇವೆಯಿಂದ ನಿವೃತ್ತರಾದರು. 1992ರ ಜನವರಿ 1ರಂದು ನಿಧನ ಹೊಂದಿದ ಅವರ ಸಮಾಧಿ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿದೆ.