ಸಮುದ್ರದ ಸದ್ದಿಗೆ ಕಿವಿಗೊಡಲು ದಾರಿ ತೋರಿದ ದೆಹಲಿಯ ಮೇಷ್ಟ್ರು ಡಿ.ಎಸ್. ಕೊಠಾರಿ

ನವದೆಹಲಿ: ಶಿಕ್ಷಣ ಆಯೋಗ ಎಂದರೆ ಇಂದಿಗೂ ಮೊದಲು ನೆನಪಾಗುವ ಹೆಸರು ಕೊಠಾರಿ. ಆದರೆ ದೌಲತ್ ಸಿಂಗ್ ಕೊಠಾರಿ ಅವರ ಬದುಕಿಗೆ ಇನ್ನೊಂದು ಮುಖವಿದೆ. ಸಮುದ್ರದಾಳದಲ್ಲಿ ಅಡಗಿರುವ ಜಲಾಂತರ್ಗಾಮಿಯ ಸದ್ದು ಹಿಡಿಯುವ ವಿದ್ಯೆ ಭಾರತದಲ್ಲಿ ಬೇರೂರಲು ನೆಲ ಹದ ಮಾಡಿದವರಲ್ಲಿ ಅವರೂ ಒಬ್ಬರು.

ನಕ್ಷತ್ರಗಳಿಂದ ಸಮುದ್ರಕ್ಕೆ

ಕೊಠಾರಿ ಹುಟ್ಟಿದ್ದು 1906ರ ಜುಲೈ 6ರಂದು, ಕಡಲೇ ಇಲ್ಲದ ರಾಜಸ್ಥಾನದ ಉದಯಪುರದಲ್ಲಿ. ಅಲಹಾಬಾದ್‌ನಲ್ಲಿ ಮೇಘನಾದ ಸಹಾ ಅವರ ಶಿಷ್ಯರಾಗಿ, ಬಳಿಕ ಕೇಂಬ್ರಿಡ್ಜ್‌ನಲ್ಲಿ ಸಂಶೋಧನೆ ನಡೆಸಿದರು. ಶ್ವೇತ ಕುಬ್ಜ ನಕ್ಷತ್ರಗಳ ಕುರಿತ ಅಧ್ಯಯನ ಅವರಿಗೆ ಹೆಸರು ತಂದಿತು. 1934ರಲ್ಲಿ ದೆಹಲಿ ವಿಶ್ವವಿದ್ಯಾಲಯ ಸೇರಿ ಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು.

ಸ್ವಾತಂತ್ರ್ಯ ಬಂದ ಮರುವರ್ಷವೇ, ಅಂದರೆ 1948ರಲ್ಲಿ, ರಕ್ಷಣಾ ಸಚಿವಾಲಯದ ವೈಜ್ಞಾನಿಕ ಸಲಹೆಗಾರರ ಹೊಣೆ ಅವರ ಹೆಗಲೇರಿತು. 1961ರವರೆಗೂ ಆ ಹುದ್ದೆಯಲ್ಲಿದ್ದರು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯವೂ ಸೇರಿದಂತೆ ಹಲವು ಪ್ರಯೋಗಾಲಯಗಳು ಹುಟ್ಟಿದ್ದರ ಹಿಂದೆ ಅವರ ಶ್ರಮವಿದೆ. 1952ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ನೌಕಾಪಡೆಯ ಭೌತ ಪ್ರಯೋಗಾಲಯ ಆ ಪಟ್ಟಿಯಲ್ಲಿ ಮುಖ್ಯವಾದದ್ದು. ಇಂದಿನ ಎನ್‌ಪಿಒಎಲ್‌ನ ಮೂಲ ಅದೇ.

ಕೊಚ್ಚಿಯೇ ಏಕೆ ಬೇಕಿತ್ತು?

ನೀರಿನೊಳಗೆ ಬೆಳಕು, ರೇಡಿಯೊ ಅಲೆಗಳು ಬೇಗ ಸೋಲುತ್ತವೆ. ಶಬ್ದ ಮಾತ್ರ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಬಹುದೂರ ಸಾಗುತ್ತದೆ. ಅದಕ್ಕೇ ನೌಕಾಪಡೆಗಳು ಸೋನಾರ್ ನೆಚ್ಚಿಕೊಂಡಿವೆ. ಆದರೆ ನಮ್ಮ ಕಡಲಿನ ಮೇಲ್ಪದರ ಬಿಸಿಲಿಗೆ ಕಾಯುತ್ತದೆ, ಕೆಳಗಿನ ನೀರು ತಂಪಾಗಿರುತ್ತದೆ. ಹೀಗಾಗಿ ಶಬ್ದ ಕೆಳಕ್ಕೆ ಬಾಗಿ, ಹಡಗಿನ ಸೋನಾರ್‌ಗೆ ಕಾಣದ ಜಾಗ ಉಳಿಯುತ್ತದೆ. ಜಲಾಂತರ್ಗಾಮಿ ಅಡಗುವುದು ಅಲ್ಲೇ. ತಣ್ಣನೆಯ ಸಮುದ್ರಗಳಿಗೆಂದು ಮಾಡಿದ ವಿದೇಶಿ ಉಪಕರಣ ತಂದರಷ್ಟೇ ಸಾಲದು, ನಮ್ಮ ನೀರನ್ನು ನಾವೇ ಅಳೆಯಬೇಕಿತ್ತು.

ತನ್ನದೇ ಸದ್ದು ಹೆಚ್ಚಾದರೆ ಹಡಗಿಗೆ ಶತ್ರುವಿನ ಸದ್ದು ಕೇಳದು. ಪ್ರೊಪೆಲ್ಲರ್ ಜೋರಾಗಿ ತಿರುಗಿದಾಗ ಗುಳ್ಳೆಗಳೆದ್ದು ಒಡೆಯುತ್ತವೆ, ಎಂಜಿನ್‌ನ ನಡುಕ ಹಡಗಿನ ಮೈಯಿಂದ ನೀರಿಗಿಳಿಯುತ್ತದೆ. ಇದನ್ನು ತಗ್ಗಿಸಲು ನಿಧಾನವಾಗಿ ತಿರುಗುವ ದೊಡ್ಡ ಪ್ರೊಪೆಲ್ಲರ್ ಬಳಸುತ್ತಾರೆ, ಯಂತ್ರಗಳನ್ನು ರಬ್ಬರ್ ಆಸರೆಗಳ ಮೇಲೆ ಕೂರಿಸುತ್ತಾರೆ. ಜಲಾಂತರ್ಗಾಮಿಗಳ ಮೈಗೆ ಶಬ್ದ ಹೀರುವ ರಬ್ಬರ್ ಬಿಲ್ಲೆಗಳನ್ನು ಅಂಟಿಸುವುದೂ ಉಂಟು.

194 ಜೀವಗಳ ಪಾಠ

ಈ ವಿದ್ಯೆಯ ಬೆಲೆ ಏನೆಂದು ದೇಶಕ್ಕೆ ತಿಳಿದದ್ದು 1971ರ ಡಿಸೆಂಬರ್ 9ರ ರಾತ್ರಿ. ದಿಯು ಸಮೀಪ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್, ಭಾರತದ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಪ್ರಾಣ ಕಳೆದುಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗಿನ ಜೊತೆಗೇ ಮುಳುಗಿದರು. ಆಗ ಕೊಠಾರಿ ರಕ್ಷಣಾ ಇಲಾಖೆಯಲ್ಲಿರಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧ್ಯಕ್ಷರಾಗಿದ್ದರು.

ಯುದ್ಧದ ಬಳಿಕ ನೌಕಾಪಡೆಯ ಅಧಿಕಾರಿ ಆರೋಗ್ಯಸ್ವಾಮಿ ಪೌಲ್‌ರಾಜ್ ಐಐಟಿ ದೆಹಲಿಯಲ್ಲಿ ಹಳೆಯ ಬ್ರಿಟಿಷ್ ಸೋನಾರ್‌ಗೆ ಹೊಸ ಶಕ್ತಿ ತುಂಬಿದರು. ಮುಂದೆ ಕೊಚ್ಚಿಯ ಪ್ರಯೋಗಾಲಯದಲ್ಲಿ ಅವರ ನೇತೃತ್ವದಲ್ಲೇ ಅಪ್ಸೋ ಎಂಬ ಸ್ವದೇಶಿ ಸೋನಾರ್ ಸಿದ್ಧವಾಯಿತು. 1980ರ ದಶಕದಲ್ಲಿ ಅದು ಯುದ್ಧನೌಕೆ ಏರಿತು. ಅದನ್ನು ತಯಾರಿಸಿದ್ದು ಬೆಂಗಳೂರಿನ ಬಿಇಎಲ್. ಉದಯಪುರದ ಭೌತವಿಜ್ಞಾನಿ ಬಿತ್ತಿದ ಬೀಜದ ಫಸಲು ಕನ್ನಡ ನೆಲದಲ್ಲೂ ಕೈಸೇರಿತು.

ಯುದ್ಧದ ವಿಜ್ಞಾನ, ಶಾಂತಿಯ ಮನಸ್ಸು

ಜೈನ ಮನೆತನದ ಕೊಠಾರಿ ಸರಳ ಬದುಕಿಗೆ, ಅಹಿಂಸೆಯ ಮೇಲಿನ ನಂಬಿಕೆಗೆ ಹೆಸರಾಗಿದ್ದರು. ಪ್ರಧಾನಿ ನೆಹರೂ ಬಯಸಿದಂತೆ ಅಣುಸ್ಫೋಟದ ದುಷ್ಪರಿಣಾಮಗಳ ಕುರಿತ ಗ್ರಂಥವನ್ನು ಸಿದ್ಧಪಡಿಸಿದರು. 1956ರಲ್ಲಿ ಬಂದ ಆ ಗ್ರಂಥ ಜಗತ್ತಿನ ಗಮನ ಸೆಳೆಯಿತು. 1964ರಿಂದ 1966ರವರೆಗೆ ಶಿಕ್ಷಣ ಆಯೋಗವನ್ನು ಮುನ್ನಡೆಸಿದರು. 1962ರಲ್ಲಿ ಪದ್ಮಭೂಷಣ, 1973ರಲ್ಲಿ ಪದ್ಮವಿಭೂಷಣ ಗೌರವ ಸಂದಿತು. 1993ರ ಫೆಬ್ರವರಿ 4ರಂದು ಅವರು ನಿಧನರಾದರು.

ಇಂದು ಸಾಗರದ ಸದ್ದು ಯುದ್ಧದ ವಿಷಯವಷ್ಟೇ ಅಲ್ಲ. ಸರಕು ಹಡಗುಗಳ ಗದ್ದಲ ತಿಮಿಂಗಿಲಗಳ ಮಾತುಕತೆಗೂ ಅಡ್ಡಿ ಎಂದು ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು, 2023ರಲ್ಲಿ ಅದನ್ನು ಪರಿಷ್ಕರಿಸಿತು. ಯುದ್ಧನೌಕೆಗಳನ್ನು ಮೌನವಾಗಿಸಲು ಕಲಿತ ಪಾಠಗಳೇ ಈಗ ಕಡಲ ಜೀವಿಗಳ ನೆಮ್ಮದಿಗೂ ಬೇಕಾಗಿವೆ.